ಅಂಚೆ ಮತ ಸೇವೆ: ಎಣಿಕೆ ಗಟ್ಟಿ, ಎಡವುವುದು ಲಕೋಟೆಯಲ್ಲಿ

ಚುನಾವಣಾ ಆಯೋಗದ ಅಂಚೆ ಮತವನ್ನು ಒಂದು ಸೇವೆಯೆಂದು ಅಳೆದರೆ, ಮನೆಯಲ್ಲೇ ಮತ ಹಾಕಿಸಿಕೊಳ್ಳುವ ಭಾಗಕ್ಕೆ ಐದರಲ್ಲಿ ನಾಲ್ಕೂವರೆ ಕೊಡಬಹುದು. ಟಪಾಲಿನಲ್ಲಿ ಹೋಗುವ ಲಕೋಟೆಗೆ ಮೂರೇ ಸಾಕು.

ಮನೆ ಮತಕ್ಕೆ 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರು ಅರ್ಹರಿದ್ದರು; 2024ರಿಂದ ಆ ಮಿತಿ 85. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಉಂಟು. ಅಧಿಸೂಚನೆ ಹೊರಟ ಐದು ದಿನದೊಳಗೆ ನಮೂನೆ 12ಡಿ ಅರ್ಜಿ ತುಂಬಿ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಕೊಡಬೇಕು. ಈ ಅವಧಿ ತೀರಾ ಚಿಕ್ಕದು, ಅರ್ಧ ಅಂಕ ಕಳೆದದ್ದು ಅದಕ್ಕೇ. ಅರ್ಜಿ ಮಂಜೂರಾದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಪೋಸ್ಟಲ್ ಬ್ಯಾಲೆಟ್) ಎಂದು ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಿಸಿ ಮತಗಟ್ಟೆಗೆ ಹೋದರೂ ಮತ ಹಾಕಲು ಸಿಗದು. ಮತ ಹಾಕಿಸಿಕೊಳ್ಳುವ ತಂಡ ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತದೆ, ಮೂರನೆಯ ಸಲ ಇಲ್ಲ. ದೊಡ್ಡ ಲಾಭವೆಂದರೆ, ಮತ ಹಾಕಿದ್ದು ತಾವೇ ಎಂದು ಮತದಾರರು ಸಹಿ ಮಾಡುವ ಘೋಷಣೆಯ ದೃಢೀಕರಣವನ್ನು ಬಂದ ಅಧಿಕಾರಿಯೇ ಮಾಡಿಕೊಳ್ಳುತ್ತಾರೆ.

ಆ ದೃಢೀಕರಣದ ಬೆಲೆ ಗೊತ್ತಾಗುವುದು ಎಣಿಕೆಯ ದಿನ. ಎಣಿಕೆ ಶುರುವಾಗುವ ಹೊತ್ತಿಗೆ, ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ, ಕೈಸೇರದ ಲಕೋಟೆಯನ್ನು ತೆರೆಯುವುದೇ ಇಲ್ಲ. ಒಂದು ಮೇಜಿಗೆ 500ಕ್ಕಿಂತ ಹೆಚ್ಚು ಮತಪತ್ರ ಕೊಡುವುದಿಲ್ಲ. ಹೊರ ಲಕೋಟೆ 13ಸಿ ಬಿಚ್ಚಿ, ಮೊದಲು 13ಎ ಘೋಷಣೆಯನ್ನು ನೋಡುತ್ತಾರೆ: ಮತದಾರರ ಸಹಿ ಇದೆಯೇ, ದೃಢೀಕರಣ ಇದೆಯೇ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆಯೂ ಒಳ ಲಕೋಟೆ 13ಬಿ ಮೇಲಿನ ಸಂಖ್ಯೆಯೂ ತಾಳೆಯಾಗುತ್ತವೆಯೇ. ಒಂದು ತಪ್ಪಿದರೂ ಒಳ ಲಕೋಟೆ ಬಿಚ್ಚದೆಯೇ ತಿರಸ್ಕಾರ. ಘೋಷಣೆಯನ್ನು ಮತಪತ್ರದ ಜೊತೆ ಒಳ ಲಕೋಟೆಗೇ ತುರುಕಿದರೂ ಇದೇ ಗತಿ, ಏಕೆಂದರೆ ಅಧಿಕಾರಿಯ ಪಾಲಿಗೆ ಅದು ‘ಇಲ್ಲ’.

ಸರಿಯಿರುವ ಘೋಷಣೆಗಳನ್ನೆಲ್ಲ ಬೇರೆ ಕಟ್ಟಿಗೆ ಹಾಕಿ ಮೊಹರು ಮಾಡಿದ ಮೇಲೆಯೇ 13ಬಿ ತೆರೆಯುವುದು. ಯಾರು ಯಾರಿಗೆ ಹಾಕಿದರೆಂದು ಹೊಂದಿಸಿ ನೋಡಲು ಆಗದು. ಇಡೀ ವ್ಯವಸ್ಥೆಯಲ್ಲಿ ಮೆಚ್ಚಬೇಕಾದ ಏರ್ಪಾಡು ಇದು. ಮತಪತ್ರದ ಮೇಲೆ ಸಹಿ ಹಾಕಿದ್ದರೆ, ಇಬ್ಬರಿಗೆ ಗುರುತು ಮಾಡಿದ್ದರೆ, ಖಾಲಿ ಬಿಟ್ಟಿದ್ದರೆ ಅಸಿಂಧು. ಗುರುತು ಮಸುಕಾಗಿದ್ದರೆ ಅಥವಾ ಒಬ್ಬರಿಗೇ ಎರಡು ಸಲ ಹಾಕಿದ್ದರೆ, ಉದ್ದೇಶ ಸ್ಪಷ್ಟವಾಗಿರುವ ತನಕ ಮತ ಉಳಿಯುತ್ತದೆ.

ಸೇನೆಯಲ್ಲಿರುವವರಿಗೆ ಮತಪತ್ರ ಇ-ಕಡತವಾಗಿ ಹೋಗುತ್ತದೆ. ಇಳಿಸಿಕೊಂಡು, ಮುದ್ರಿಸಿ, ಗುರುತು ಹಾಕಿ ಅಂಚೆಗೆ ಹಾಕುವುದು ಅವರ ಕೆಲಸ. ಎಣಿಕೆ ಕೇಂದ್ರದಲ್ಲಿ ಕ್ಯೂಆರ್ ಕೋಡ್ ಓದಿಸಿ ನಕಲು ಬಂದಿದೆಯೇ ಎಂದು ನೋಡುತ್ತಾರೆ. ಕಳಪೆ ಮುದ್ರಣ ಇಲ್ಲಿ ತಲೆನೋವು. ಚುನಾವಣಾ ಕೆಲಸದ ಸಿಬ್ಬಂದಿ 2023ರ ನಿಯಮ ತಿದ್ದುಪಡಿಯ ನಂತರ ಮತಪತ್ರವನ್ನು ಮನೆಗೆ ಒಯ್ಯುವಂತಿಲ್ಲ, ಅವರಿಗೆಂದೇ ತೆರೆಯುವ ಸೌಲಭ್ಯ ಕೇಂದ್ರದಲ್ಲೇ ಮತ ಹಾಕಬೇಕು. ಒಳ್ಳೆಯದೇ ಆಯಿತು: ದೃಢೀಕರಣಕ್ಕೆ ಗೆಜೆಟೆಡ್ ಅಧಿಕಾರಿಯನ್ನು ಹುಡುಕುವ ಅಲೆದಾಟವೂ ತಪ್ಪಿತು, ಮತಪತ್ರ ಬೇರೆಯವರ ಕೈಗೆ ಹೋಗುವ ಅನುಮಾನವೂ.

ಇವಿಎಂ ಎಣಿಕೆ ಅರ್ಧ ಗಂಟೆ ತಡವಾಗಿ ಶುರುವಾಗುತ್ತದೆ. ಅಂಚೆ ಮತ ಮುಗಿಯುವ ತನಕ ಇವಿಎಂನ ಕೊನೆಯದಕ್ಕಿಂತ ಒಂದು ಹಿಂದಿನ ಸುತ್ತನ್ನು ಕೈಗೆತ್ತಿಕೊಳ್ಳಬಾರದೆಂದು ಆಯೋಗ 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ, ಅವನ್ನೆಲ್ಲ ಚುನಾವಣಾಧಿಕಾರಿ ಮತ್ತೆ ಪರಿಶೀಲಿಸಲೇಬೇಕು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತದಲ್ಲಿ ತೀರ್ಮಾನವಾದಾಗ ಜಗಳವೆಲ್ಲ ಎದ್ದದ್ದು ತಿರಸ್ಕೃತ ಅಂಚೆ ಮತಗಳ ಸುತ್ತಲೇ. ಅಭ್ಯರ್ಥಿಗಳು ಚುರುಕಾದ ಏಜೆಂಟರನ್ನು ಇವಿಎಂ ಮೇಜಿಗೆ ಕಳಿಸಿ, ಅಂಚೆ ಮೇಜಿಗೆ ಉಳಿದವರನ್ನು ಕೂರಿಸುವುದುಂಟು. ವಾದಕ್ಕೆ ಎಡೆಯಿರುವುದು ಮಾತ್ರ ಈ ಮೇಜಿನಲ್ಲೇ.

ದುಬೈ, ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ನೆಚ್ಚಿಕೊಳ್ಳಬೇಡಿ. ಅನಿವಾಸಿ ಮತದಾರರಿಗೆ ಅಂಚೆ ಮತ ಇಲ್ಲ. ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು.