ಹಳೇ .223 ಕೋವಿ ಕೊಳ್ಳುವವರೇ, ಬ್ಯಾರಲ್ ಸುತ್ತು ಅಳೆಯದೆ ದುಡ್ಡು ಕೊಡಬೇಡಿ

ಕ್ಯಾಲಿಫೋರ್ನಿಯಾದಲ್ಲಿ ಕಾಡುಹಂದಿ ಬೇಟೆಗೆ ಸೆಕೆಂಡ್ ಹ್ಯಾಂಡ್ .223 (ಗುಂಡಿನ ಅಳತೆ, ಅಂದರೆ ಕ್ಯಾಲಿಬರ್) ರೈಫಲ್ ಹುಡುಕುತ್ತಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ಅಂಗಡಿ ಹೆಸರು ಹಾಕುವುದಿಲ್ಲ. ಹೊಟ್ಟೆ ಮಾತ್ರ ಇನ್ನೂ ಉರಿಯುತ್ತಿದೆ.

ನಾನು ಅಂಗಡಿಯವನಿಗೆ ಬಿಡಿಸಿ ಹೇಳಿದ್ದೆ. ಹಂದಿಗೆ ಬೇಕು, ತಾಮ್ರದ ಗುಂಡೇ ಹೊಡೆಯಬೇಕು. ಕಾಂಡೋರ್ ರಣಹದ್ದುಗಳು ಸೀಸ ತಿಂದು ಸಾಯುತ್ತವೆ ಅಂತ ಇಲ್ಲಿ ಹಂತಹಂತವಾಗಿ ಕಾನೂನು ಬಿಗಿ ಮಾಡಿ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ಬಂದ್. ದಿನಾ ಇದೇ ವ್ಯಾಪಾರ ಮಾಡುವವನಿಗೆ ಇದು ಗೊತ್ತಿರಲ್ವಾ?

"ಈ .223 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ ಕೋವಿ) ತಗೊಳ್ಳಿ ಸರ್, ಏನು ಹಾಕಿದರೂ ಹೊಡೆಯುತ್ತೆ" ಅಂದ. ಟ್ವಿಸ್ಟ್ ರೇಟ್ ಎಷ್ಟು ಅಂದೆ, ಅಂದರೆ ಬ್ಯಾರಲ್ ಒಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತೆ ಅಂತ. "ಸ್ಟ್ಯಾಂಡರ್ಡ್" ಅಂದ. .223ಯಲ್ಲಿ ಸ್ಟ್ಯಾಂಡರ್ಡ್ ಎಲ್ಲಿಂದ ಬಂತು ಸ್ವಾಮಿ? 1:12 (12 ಇಂಚಿಗೆ ಒಂದು ಸುತ್ತು) ಇದೆ, 1:9 ಇದೆ, 1:8 ಇದೆ, 1:7 ಇದೆ. ಬ್ಯಾರಲ್ ಮೇಲೆ ಕೊರೆದಿದ್ದದ್ದು ಕ್ಯಾಲಿಬರ್ ಮಾತ್ರ. ಜೊತೆಗೆ 62 ಗ್ರೇನ್ (ಸುಮಾರು 4 ಗ್ರಾಂ) ತೂಕದ ತಾಮ್ರದ ಗುಂಡಿನ ಡಬ್ಬಿಗಳನ್ನೂ ಅವನೇ ತೆಗೆದು ಕೊಟ್ಟ. ಅವನೇ!

ಕಾನೂನಿನ 10 ದಿನ ಕಾದು, ಕೋವಿ ತಂದು, ಗುರಿ ಅಭ್ಯಾಸದ ರೇಂಜಿಗೆ ಹೋದೆ. 100 ಗಜದಲ್ಲಿ ಗುಂಡು ಕಾಗದಕ್ಕೇ ಬೀಳಲಿಲ್ಲ. 50 ಗಜಕ್ಕೆ ಇಳಿದೆ. ಬಿತ್ತು, ಆದರೆ ತೂತು ದುಂಡಗಿಲ್ಲ. ಗುಂಡಿನ ಪಕ್ಕದ ಆಕಾರವೇ, ಮೂತಿಯಿಂದ ಬುಡದವರೆಗೆ, ಕಾಗದದಲ್ಲಿ ಉದ್ದಕ್ಕೆ ಹರಿದಿತ್ತು. ಪಕ್ಕದ ಬೆಂಚಿನ ಅಜ್ಜ ದುರ್ಬೀನಿನಲ್ಲಿ ನೋಡಿ ಜೋರಾಗಿ ನಕ್ಕ. "ನಿನ್ನ ಗುಂಡು ಅಡ್ಡಡ್ಡ ಹೋಗ್ತಿದೆಯಲ್ಲಪ್ಪ!" ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಆತನದೇ ಕ್ಲೀನಿಂಗ್ ರಾಡ್ ಹಾಕಿ ಅಳೆದೆವು. 12 ಇಂಚಿಗೆ ಒಂದು ಸುತ್ತು.

ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬರಬೇಕೆಂದರೆ ಗುಂಡು ಉದ್ದ ಆಗಲೇಬೇಕು. ಉದ್ದ ಜಾಸ್ತಿಯಾದಷ್ಟೂ ಅದು ನೆಟ್ಟಗೆ ಹೋಗಲು ಬಿಗಿಯಾದ ಸುತ್ತು (ಕಡಿಮೆ ಇಂಚಿಗೇ ಒಂದು ಸುತ್ತು) ಬೇಕು. 62 ಗ್ರೇನ್ ತಾಮ್ರಕ್ಕೆ 1:9 ಅಥವಾ 1:8 ಬೇಕು. ಅಮೆರಿಕದ ಸೈನ್ಯವೇ ಎಂ16ಎ1 ರೈಫಲಿನಲ್ಲಿ 55 ಗ್ರೇನ್ ಗುಂಡಿಗೆ 1:12 ಇಟ್ಟುಕೊಂಡಿತ್ತು. ಉದ್ದನೆಯ ಗುಂಡುಗಳು ಬಂದಾಗ ಎಂ16ಎ2ಗೆ 1:7 ಬ್ಯಾರಲ್ ಹಾಕಿತು. ಇದೇನು ಗುಟ್ಟಿನ ವಿಷಯವಲ್ಲ.

ವಾಪಸ್ ಹೋದೆ. ಮೊದಲ ಉತ್ತರ: "ನೀವು ಟ್ರಿಗರ್ ಎಳೆಯುತ್ತಿದ್ದೀರಿ ಸರ್, ನಿಧಾನಕ್ಕೆ ಒತ್ತಬೇಕು." ಟ್ರಿಗರ್ ಎಳೆದರೆ ಗುಂಡು ಅಡ್ಡ ತಿರುಗುತ್ತಾ? ಕಾಗದ ತೋರಿಸಿದೆ. "ಸ್ಕೋಪ್ ಸಡಿಲ ಇರಬೇಕು." ಸ್ಕೋಪಿಗೂ ಇದಕ್ಕೂ ಏನು ಸಂಬಂಧ!

ಆಮೇಲೆ ಮಾಡಿದ್ದೇ ನನಗೆ ಅತಿ ಸಿಟ್ಟು ತರಿಸಿದ್ದು. 55 ಗ್ರೇನ್ ಸೀಸದ ಗುಂಡು ತಂದು ಅವನ ರೇಂಜಿನಲ್ಲೇ ಹೊಡೆದು ತೋರಿಸಿದ. ತೂತುಗಳು ಒಂದರ ಪಕ್ಕ ಒಂದು ಕೂತವು. "ನೋಡಿ, ಕೋವಿಯಲ್ಲಿ ತಪ್ಪೇ ಇಲ್ಲ" ಅಂತ ನಗು ಬೇರೆ. ಅಯ್ಯಾ, ಆ ಗುಂಡಿನಲ್ಲಿ ಹಂದಿ ಹೊಡೆದರೆ ದಂಡ ಕಟ್ಟುವವನು ನಾನು! "ಹಾಗಾದರೆ ಹಗುರ ತಾಮ್ರದ್ದು ತಗೊಳ್ಳಿ." ಅಂದರೆ ಇನ್ನೊಂದು ಡಬ್ಬಿಗೆ ಮತ್ತೆ ದುಡ್ಡು. ದಪ್ಪ ಹಂದಿಗೆ ಅಷ್ಟು ಪುಟ್ಟ ಗುಂಡು ಹೊಡೆದು ಗಾಯ ಮಾಡಿ ಓಡಿಸಲಾ?

ಕೊನೆಗೆ "ನಿಮ್ಮ ಹೆಸರಿಗೆ ಆಗಿದೆ, ವಾಪಸ್ ಇಲ್ಲ. ಬೇಕಾದರೆ ಅರ್ಧ ಬೆಲೆಗೆ ನಾವೇ ಕೊಳ್ಳುತ್ತೇವೆ" ಅಂದ. ಕೊಡಲಿಲ್ಲ. ಅವನಿಗೆ ಮಾತ್ರ ಕೊಡಲ್ಲ.

ನೀವು ಕೊಳ್ಳುವ ಮುಂಚೆ ಸುತ್ತು ಹೀಗೆ ಅಳೆಯಿರಿ. ಕೋವಿ ಖಾಲಿ ಇದೆಯಾ ನೋಡಿ, ಬೋಲ್ಟ್ ತೆಗೆಸಿ. ಹಿಡಿಕೆಯಲ್ಲಿ ಸಲೀಸಾಗಿ ತಿರುಗುವ ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ರಾಡಿನ ಮೇಲೆ ಟೇಪ್ ಅಂಟಿಸಿ, ಅದು ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತು ಅಂತ ಅಳೆಯಿರಿ. ಅಂಗಡಿಯವನು ಮುಖ ಸಿಂಡರಿಸಿದರೆ ಎದ್ದು ಬನ್ನಿ. "ಸ್ಟ್ಯಾಂಡರ್ಡ್" ಅಂದರಂತೂ ಅಲ್ಲಿ ನಿಲ್ಲಲೇಬೇಡಿ.