ಮಣ್ಣಲ್ಲಿ ಸಿಕ್ಕಿದ್ದು ಏನು ಅಂತ ಯಾರನ್ನು ಕೇಳಬೇಕು: ಫೋನಾ, ಡೇಟಾಬೇಸಾ, ಆಫೀಸರ್ರಾ?

ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆದರೆ ನಾಣ್ಯಕ್ಕಿಂತ ಜಾಸ್ತಿ ಸಿಗೋದು 'ಇದೇನಪ್ಪಾ' ಅನ್ನಿಸುವ ಚೂರುಗಳು. ಜಮೀನಿನವರ ಒಪ್ಪಿಗೆ ಪಡೆದು ಅಗೆದಾಗ ಸಿಕ್ಕ ಕೆಲವನ್ನು ಮೂರು ಕಡೆ ತೋರಿಸಿ ನೋಡಿದೆ: ಫೋನಿನ ಫೋಟೋ ಹುಡುಕಾಟ, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ಡೇಟಾಬೇಸ್, ಆಮೇಲೆ ಅದೇ ಸ್ಕೀಮ್‌ನ ಫೈಂಡ್ಸ್ ಲಿಯಾಜನ್ ಆಫೀಸರ್, ಅಂದರೆ ಸಿಕ್ಕಿದ್ದನ್ನು ನೋಡಿ ಗುರುತಿಸಿ ಬರೆದುಕೊಳ್ಳುವವರು.

ಮೊದಲು ಒಂದು ಗಂಟೆ. ಗುಂಡಗೆ, ಕೆಳಗೆ ಸೀಳು, ಒಳಗೆ ಕಬ್ಬಿಣದ ಗುಂಡು, ನಮ್ಮ ಎತ್ತಿನ ಕೊರಳ ಗೆಜ್ಜೆಯ ಹಾಗೇ. ಫೋನ್ ತಕ್ಷಣ 'ಕ್ರೋಟಲ್ ಬೆಲ್' ಅಂದಿತು, ಸರಿಯೇ. ಆದರೆ ಕೆಳಭಾಗದಲ್ಲಿ ಎರಕದಲ್ಲೇ ಮೂಡಿದ್ದ 'ಆರ್ ಡಬ್ಲ್ಯೂ' ಅಕ್ಷರಗಳ ಬಗ್ಗೆ ಚಕಾರ ಎತ್ತಲಿಲ್ಲ. ಅದೇ ಅಕ್ಷರ ಹಾಕಿ ಡೇಟಾಬೇಸಿನಲ್ಲಿ ಹುಡುಕಿದರೆ ವಿಲ್ಟ್‌ಶೈರ್‌ನ ಆಲ್ಡ್‌ಬೋರ್ನ್ ಊರಿನ ರಾಬರ್ಟ್ ವೆಲ್ಸ್ ಎರಕದ ಮನೆ, 18ನೇ ಶತಮಾನ ಅಂತ ಬಂತು.

ಇನ್ನೊಂದು, ತೆಳ್ಳನೆಯ ಹಿತ್ತಾಳೆ ಬಿಲ್ಲೆ. ಒಂದು ಕಡೆ ಹೂವಿನ ಸುತ್ತ ಕಿರೀಟ ಮತ್ತು ಲಿಲ್ಲಿ, ಇನ್ನೊಂದು ಕಡೆ ಶಿಲುಬೆ ಇರುವ ಗೋಳ. ಫೋನ್ ಇದನ್ನು ಹಳೇ ನಾಣ್ಯ ಅಂದು ಸೀದಾ ಮಾರಾಟದ ಪುಟಗಳಿಗೆ ಕರೆದೊಯ್ದು ಬೆಲೆ ತೋರಿಸಿತು. ನಾಣ್ಯವೇ ಅಲ್ಲ ಅದು. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ, ಮೇಜಿನ ಮೇಲೆ ಸರಿಸಿ ಲೆಕ್ಕ ಹಾಕುವ ಜೆಟನ್. ಡೇಟಾಬೇಸಿನಲ್ಲಿ ಇಂಥವು ರಾಶಿ ರಾಶಿ ಇವೆ, ಒಟ್ಟು ದಾಖಲಾದ ವಸ್ತುಗಳೇ 15 ಲಕ್ಷಕ್ಕೂ ಹೆಚ್ಚು.

ಆ ರಾಶಿಯೇ ತಲೆನೋವೂ ಹೌದು. ಗುರುತೇ ಕಾಣದ ಸೀಸದ ಬಿಲ್ಲೆಗೆ ಅಲ್ಲಿ ಹುಡುಕಿ ನೋಡಿ: ಟೋಕನ್ ಇರಬಹುದು, ತೂಕದ ಬಟ್ಟು ಇರಬಹುದು, ಆಟದ ಕಾಯಿಯೂ ಇರಬಹುದು. ಫೋನ್ ಅಂಗಿಯ ಗುಂಡಿ ಅಂದಿತು, ಬಿಡಿ. ಆಫೀಸರ್ ಮಾತ್ರ ಮುಖ ನೋಡುವ ಮೊದಲು ಅಂಚು ನೋಡಿದರು. ಅಲ್ಲಿ ಮುರಿದ ಪಟ್ಟಿಯ ಮೋಟು ಉಳಿದಿತ್ತು. ಬಿಲ್ಲೆ ಮಗುಚಿ, ದೀಪವನ್ನು ಪಕ್ಕದಿಂದ ಹಿಡಿದಾಗ ಸೀಸದ ಮೇಲೆ ಸಣ್ಣ ಸಣ್ಣ ಅಡ್ಡ-ಉದ್ದ ಗೆರೆಗಳು ಎದ್ದವು. ಬಟ್ಟೆಯ ನೇಯ್ಗೆ! ಎರಡು ಬಿಲ್ಲೆಗಳನ್ನು ಪಟ್ಟಿಯಿಂದ ಜೋಡಿಸಿ ಬಟ್ಟೆಯ ಥಾನಿಗೆ ಒತ್ತಿ ಹಾಕುತ್ತಿದ್ದ ಮುದ್ರೆಯ ಅರ್ಧ ಭಾಗ ಅದು. ಇದನ್ನು ಯಾವ ಫೋಟೋ ಹೇಳೀತು, ಅಲ್ವಾ?

ಆಫೀಸರ್ ದಾರಿ ನಿಧಾನ. ವಸ್ತು ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆದರೆ ಸಿಕ್ಕ ಜಾಗ ದಾಖಲಾಗುತ್ತದೆ, ಮತ್ತು ವಸ್ತು 1996ರ ಟ್ರೆಷರ್ ಆಕ್ಟ್ ಎಂಬ ನಿಧಿ ಕಾನೂನಿನ ಕೆಳಗೆ ಬಂದರೆ 14 ದಿನದೊಳಗೆ ಕಾರೊನರ್‌ಗೆ (ನಿಧಿ ಸಿಕ್ಕಾಗ ವಿಚಾರಣೆ ಮಾಡುವ ಅಧಿಕಾರಿಗೆ) ತಿಳಿಸಬೇಕು ಅನ್ನೋದನ್ನೂ ಅವರೇ ಹೇಳುತ್ತಾರೆ.

ಅಕ್ಷರವೋ ಚಿತ್ರವೋ ಇದ್ದರೆ ನನ್ನ ಓಟು ಡೇಟಾಬೇಸಿಗೆ, ಆದರೆ ಅಳತೆ ಮತ್ತು ತೂಕ ತೆಗೆದುಕೊಂಡೇ ಕೂತುಕೊಳ್ಳಿ. ಫೋನು ಹೆಸರಿನ ಸುಳಿವಿಗೆ ಮಾತ್ರ ಸಾಕು. ಸೀಸ ಸಿಕ್ಕರೆ ಸುಮ್ನೆ ಉಜ್ಜಲು ಹೋಗಬೇಡಿ, ಮೇಲಿನ ಬಿಳಿ ಪದರದ ಜೊತೆ ಆ ಗೆರೆಗಳೂ ಹೋಗುತ್ತವೆ. ಹಾಗೇ ಆಫೀಸರ್ ಹತ್ತಿರ ಒಯ್ಯಿರಿ.