ಜೆಮ್ ಡಾಕ್ಯುಮೆಂಟೇಶನ್: ತಡೆಯುವುದೋ, ಅಳಿಸುವುದೋ, ಆರಿಸಿ ಇಟ್ಟುಕೊಳ್ಳುವುದೋ

ರೂಬಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿದ್ಧ ಕೋಡಿನ ಪ್ಯಾಕೇಜಿಗೆ ಜೆಮ್ ಎನ್ನುತ್ತಾರೆ. ವೆಬ್‌ಸೈಟ್ ಕಟ್ಟಲು ಬಳಸುವ ರೈಲ್ಸ್ ಅಂಥದ್ದೊಂದು. ‘ಜೆಮ್ ಇನ್‌ಸ್ಟಾಲ್ ರೈಲ್ಸ್’ ಎಂದು ಕೊಟ್ಟರೆ ರೈಲ್ಸ್ ಒಂದೇ ಬರುವುದಿಲ್ಲ. ಅದಕ್ಕೆ ಬೇಕಾದ ಹತ್ತಾರು ಜೆಮ್‌ಗಳು ಬರುತ್ತವೆ, ಒಂದೊಂದಕ್ಕೂ ‘ಆರ್‌ಐ’ ಡಾಕ್ಯುಮೆಂಟೇಶನ್, ಅಂದರೆ ಟರ್ಮಿನಲ್‌ನಲ್ಲೇ ಓದುವ ವಿವರಣೆ, ತಯಾರಾಗುತ್ತದೆ. ಅದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಕೊನೆಯಲ್ಲಿ ಜೆಮ್ ತಾನೇ ಹೇಳುತ್ತದೆ. ಹಾಸನದ ಕಾಲೇಜು ಲ್ಯಾಬ್‌ಗಳಲ್ಲಿರುವಂಥ ಹಳೇ ಹಾರ್ಡ್ ಡಿಸ್ಕ್ ಕಂಪ್ಯೂಟರಿನಲ್ಲಿ ಈ ಹೊತ್ತು ಕಣ್ಣಿಗೆ ಹೊಡೆಯುತ್ತದೆ. ಇದನ್ನು ನಿಭಾಯಿಸುವ ದಾರಿಗಳನ್ನು ಉಬುಂಟು ಮೇಲೆ ಹಾಕಿ ನೋಡಿ ಇಲ್ಲಿ ಹೋಲಿಸಿದ್ದೇವೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ಒಂದು ತಪ್ಪು ಲೆಕ್ಕ ಸರಿಪಡಿಸಬೇಕು. ಡಾಕ್ಯುಮೆಂಟೇಶನ್ ನಿಲ್ಲಿಸಿದರೆ ಮೊಬೈಲ್ ಡೇಟಾ ಉಳಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಉಳಿಯುವುದಿಲ್ಲ. ಅದು ನೆಟ್‌ನಿಂದ ಇಳಿಯುವುದೇ ಇಲ್ಲ. ಜೆಮ್ ಬಂದ ಮೇಲೆ ಅದರ ಸೋರ್ಸ್ ಓದಿ ನಿಮ್ಮ ಪ್ರೊಸೆಸರ್ ಅದನ್ನು ತಯಾರಿಸುತ್ತದೆ. ಉಳಿಯುವುದು ಸಮಯ ಮತ್ತು ಡಿಸ್ಕ್ ಜಾಗ.

ಇದು ಡಿಸ್ಕ್ ಜಾಗವನ್ನು ಎಷ್ಟು ತಿನ್ನುತ್ತದೆ ಎಂಬುದು ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಆರ್‌ಐ ಒಂದೊಂದು ಮೆಥಡ್‌ಗೆ ಒಂದೊಂದು ಪುಟ್ಟ ಫೈಲ್ ಬರೆಯುತ್ತದೆ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಜಾಗ ಹಂಚುವ ಕನಿಷ್ಠ ಅಳತೆಯಾದ ಒಂದು ಬ್ಲಾಕ್ ಸಾಮಾನ್ಯವಾಗಿ 4096 ಬೈಟ್. 300 ಬೈಟ್‌ನ ಫೈಲ್ ಆದರೂ ಅಷ್ಟು ಜಾಗ ಹಿಡಿಯುತ್ತದೆ. ಅಂಥ 10,000 ಫೈಲ್ ಇದ್ದರೆ ಒಳಗಿನ ವಿಷಯ 3 ಎಂಬಿ, ಡಿಸ್ಕಿನಲ್ಲಿ ಹೋಗುವುದು ಸುಮಾರು 41 ಎಂಬಿ. ಜಾಗ ಅಳೆಯುವ ‘ಡಿಯು’ ಕಮಾಂಡನ್ನು ಒಮ್ಮೆ ಹಾಗೇ, ಇನ್ನೊಮ್ಮೆ ಎರಡು ಅಡ್ಡಗೆರೆಯ ‘ಅಪಾರೆಂಟ್-ಸೈಜ್’ ಆಯ್ಕೆ ಸೇರಿಸಿ ಓಡಿಸಿದರೆ ಈ ಎರಡು ಅಂಕಿಗಳ ಅಂತರ ಕಾಣುತ್ತದೆ. ಚಿಕ್ಕ ಸರ್ವರ್‌ಗಳಲ್ಲಿ ಜಾಗ ಇದ್ದೂ ಐನೋಡ್ (ಒಂದೊಂದು ಫೈಲ್‌ಗೂ ಬೇಕಾದ ದಾಖಲೆ) ಮುಗಿದು ‘ಡಿಸ್ಕ್ ತುಂಬಿದೆ’ ಎಂಬ ದೂರು ಬರುವುದಕ್ಕೂ ಇಂಥ ಫೈಲ್‌ಗಳೇ ಒಂದು ಕಾರಣ. ‘ಡಿಎಫ್’ಗೆ ಒಂದು ಅಡ್ಡಗೆರೆ ಮತ್ತು ‘ಐ’ ಅಕ್ಷರ ಸೇರಿಸಿ ನೋಡಿ.

ಪ್ರತಿ ಸಲ ಎರಡು ಅಡ್ಡಗೆರೆ ಹಾಕಿ ‘ನೋ-ಡಾಕ್ಯುಮೆಂಟ್’ ಬರೆಯುವುದು ಅತಿ ಸುಲಭದ ದಾರಿ. ಚುಟುಕಾಗಿ ಒಂದು ಅಡ್ಡಗೆರೆ, ದೊಡ್ಡಕ್ಷರದ ‘ಎನ್’. ಒಂದೆರಡು ಜೆಮ್‌ಗೆ ಸಾಕು, ದಿನಾ ಕೆಲಸ ಮಾಡುವವರಿಗೆ ಸಾಲದು, ಯಾಕೆಂದರೆ ಮರೆತೇ ಮರೆಯುತ್ತೇವೆ. ಹಳೇ ನೋಟ್ಸ್‌ನಿಂದ ‘ನೋ-ಆರ್‌ಡಾಕ್’, ‘ನೋ-ಆರ್‌ಐ’ ಎಂದು ನಕಲು ಮಾಡಿದರೆ ಕೆಲಸ ಅಲ್ಲೇ ನಿಲ್ಲುತ್ತದೆ: ಜೆಮ್ ಕಮಾಂಡ್ ಕೊಡುವ ತಂತ್ರಾಂಶ ರೂಬಿಜೆಮ್ಸ್‌ನ 3.0ರಲ್ಲಿ ಆ ಎರಡೂ ಆಯ್ಕೆ ತೆಗೆದುಹಾಕಿದ್ದಾರೆ. 2018ರ ಕೊನೆಗೆ ಬಂದ ರೂಬಿ 2.6ರ ಜೊತೆಗೇ ಆ ಆವೃತ್ತಿ ಬಂತು.

ನಮ್ಮ ಮೊದಲ ಆಯ್ಕೆ ‘ಜೆಮ್‌ಆರ್‌ಸಿ’ ಎಂಬ ಸೆಟ್ಟಿಂಗ್ ಫೈಲ್. ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಶುರುವಾಗುವ ಈ ಫೈಲ್ ಮಾಡಿ, ಒಂದೇ ಸಾಲು: ‘ಜೆಮ್’, ಕೋಲನ್, ಒಂದು ಖಾಲಿ ಜಾಗ, ಆಮೇಲೆ ಎರಡು ಅಡ್ಡಗೆರೆಯ ‘ನೋ-ಡಾಕ್ಯುಮೆಂಟ್’. ಇನ್‌ಸ್ಟಾಲ್, ಅಪ್‌ಡೇಟ್ ಎರಡಕ್ಕೂ ಅನ್ವಯಿಸುತ್ತದೆ. ಎಡವುವ ಜಾಗ ಎರಡು. ಕೋಲನ್ ಪಕ್ಕದ ಖಾಲಿ ಜಾಗ ಬಿಟ್ಟುಹೋದರೆ ಈ ಫೈಲಿನ ಬರವಣಿಗೆ ಮಾದರಿಯಾದ ವೈಎಎಂಎಲ್ ಅದನ್ನು ಜೋಡಿಯಾಗಿ ಓದದೆ ಬರೀ ಒಂದು ಪದವಾಗಿ ಓದುತ್ತದೆ, ಸೆಟ್ಟಿಂಗ್ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು ಸುಡೋ, ಅಂದರೆ ಅಡ್ಮಿನ್ (ರೂಟ್) ಅಧಿಕಾರದಲ್ಲಿ ಕಮಾಂಡ್ ಓಡಿಸುವುದು. ಈಗಿನ ಉಬುಂಟುವಿನಲ್ಲಿ ಸುಡೋ ಜೊತೆ ಓಡಿಸಿದರೆ ಹೋಮ್ ಡೈರೆಕ್ಟರಿ ರೂಟ್‌ನದಾಗುತ್ತದೆ, ನಿಮ್ಮ ಫೈಲನ್ನು ಯಾರೂ ಓದುವುದಿಲ್ಲ, ಡಾಕ್ಯುಮೆಂಟೇಶನ್ ಮತ್ತೆ ಶುರು.

ಒಂದೇ ಇಮೇಜ್‌ನಿಂದ ಹಲವು ಕಂಪ್ಯೂಟರ್ ತಯಾರಿಸುವ ಲ್ಯಾಬ್‌ಗೆ ಇದೇ ಸಾಲನ್ನು ಇಡೀ ಸಿಸ್ಟಮ್‌ಗೆ ಹಾಕಿಬಿಡುವುದು ಒಳ್ಳೆಯದು. ಉಬುಂಟು ತಾನೇ ಕೊಡುವ ರೂಬಿಗೆ ‘ಇಟಿಸಿ’ ಡೈರೆಕ್ಟರಿಯಲ್ಲಿ, ಚುಕ್ಕಿ ಇಲ್ಲದ ‘ಜೆಮ್‌ಆರ್‌ಸಿ’. ಹಲವು ರೂಬಿ ಆವೃತ್ತಿ ಇಟ್ಟುಕೊಳ್ಳಲು ಬಳಸುವ ಆರ್‌ಬಿಎನ್ವ್‌ನಿಂದ ಕಟ್ಟಿದ ರೂಬಿ ಅಲ್ಲಿ ನೋಡುವುದಿಲ್ಲ, ತಾನು ಕಟ್ಟಲ್ಪಟ್ಟ ಜಾಗದ ಇಟಿಸಿಯನ್ನು ನೋಡುತ್ತದೆ. ಊಹಿಸಬೇಡಿ, ‘ಜೆಮ್ ಎನ್ವ್’ ಓಡಿಸಿ ‘ಸಿಸ್ಟಮ್ ಕಾನ್ಫಿಗರೇಶನ್ ಡೈರೆಕ್ಟರಿ’ ಎಂಬ ಸಾಲು ಓದಿ.

ಈ ಎರಡೂ ದಾರಿ ಮುಂದೆ ಬರುವುದನ್ನು ತಡೆಯುತ್ತವೆ, ಈಗಾಗಲೇ ಕೂತಿರುವುದನ್ನು ಮುಟ್ಟುವುದಿಲ್ಲ. ಅದಕ್ಕೆ ಅಳಿಸಲೇಬೇಕು. ‘ಜೆಮ್ ಎನ್ವ್ ಜೆಮ್‌ಡಿರ್’ ಕೊಟ್ಟರೆ ಒಂದು ದಾರಿ ತೋರಿಸುತ್ತದೆ. ಅದರೊಳಗೆ ‘ಡಾಕ್’, ‘ಜೆಮ್ಸ್’, ‘ಸ್ಪೆಸಿಫಿಕೇಶನ್ಸ್’, ‘ಕ್ಯಾಶೆ’ ಎಂಬ ಫೋಲ್ಡರ್‌ಗಳು ಅಕ್ಕಪಕ್ಕ ಇರುತ್ತವೆ. ಅಳಿಸಬೇಕಾದ್ದು ‘ಡಾಕ್’ ಮಾತ್ರ. ‘ಸ್ಪೆಸಿಫಿಕೇಶನ್ಸ್’ ಹೋದರೆ ಜೆಮ್ ಡಿಸ್ಕಿನಲ್ಲಿದ್ದರೂ ರೂಬಿಗೆ ಕಾಣುವುದಿಲ್ಲ. ‘ಕ್ಯಾಶೆ’ಯಲ್ಲಿ ಮೂಲ ಜೆಮ್ ಫೈಲ್‌ಗಳಿರುತ್ತವೆ, ‘ಜೆಮ್ ಪ್ರಿಸ್ಟೀನ್’ ಮಾಡಿ ಕೆಟ್ಟ ಜೆಮ್ಮನ್ನು ಮೊದಲಿನಂತೆ ಮಾಡುವಾಗ ಬೇಕು, ಇಲ್ಲದಿದ್ದರೆ ಮತ್ತೆ ನೆಟ್‌ನಿಂದ ತರಿಸುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಸಿಗ್ನಲ್ ಹುಡುಕಿಕೊಂಡು ಕೆಲಸ ಮಾಡುವವರು ಅದನ್ನು ಉಳಿಸಿಕೊಳ್ಳಿ. ಆರ್‌ಬಿಎನ್ವ್ ಇದ್ದರೆ ಒಂದೊಂದು ರೂಬಿ ಆವೃತ್ತಿಗೂ ಬೇರೆ ಬೇರೆ ಡಾಕ್ ಫೋಲ್ಡರ್. ಒಂದನ್ನು ಅಳಿಸಿ ಸುಮ್ಮನಾದರೆ ಉಳಿದವು ಹಾಗೇ ಕೂತಿರುತ್ತವೆ.

ಅಳಿಸುವುದಕ್ಕೆ ಮೊದಲು ‘ಜೆಮ್ ಕ್ಲೀನಪ್’ ಮಾಡುವುದು ವಾಸಿ. ಹಳೇ ಆವೃತ್ತಿಗಳು ಅವುಗಳ ಡಾಕ್ಯುಮೆಂಟೇಶನ್ ಸಮೇತ ಹೋಗುತ್ತವೆ. ಆದರೆ ಯಾವುದಾದರೂ ಪ್ರಾಜೆಕ್ಟಿನ ಜೆಮ್‌ಫೈಲ್ ಲಾಕ್ (ಬೇಕಾದ ಜೆಮ್ ಆವೃತ್ತಿಗಳ ಪಟ್ಟಿ) ಹಳೇ ಆವೃತ್ತಿಯನ್ನೇ ಕೇಳುತ್ತಿದ್ದರೆ ಅದೂ ಹೋಗಿಬಿಡುತ್ತದೆ. ಎರಡು ಅಡ್ಡಗೆರೆಯ ‘ಡ್ರೈ-ರನ್’ ಆಯ್ಕೆ ಹಾಕಿ, ಏನನ್ನೂ ಅಳಿಸದೆ ಪಟ್ಟಿ ನೋಡಿಯೇ ಮುಂದುವರಿಯಿರಿ.

ಪ್ರಾಜೆಕ್ಟಿಗೆ ಬೇಕಾದ ಜೆಮ್‌ಗಳನ್ನು ಒಟ್ಟಿಗೆ ಹಾಕುವ ಬಂಡ್ಲರ್ ಬಳಸುವವರಿಗೆ ಈ ತಲೆನೋವು ಇಲ್ಲ. ‘ಬಂಡಲ್ ಇನ್‌ಸ್ಟಾಲ್’ ಡಾಕ್ಯುಮೆಂಟೇಶನ್ ತಯಾರಿಸುವುದೇ ಇಲ್ಲ.

ಹಾಗಾದರೆ ಎಲ್ಲವನ್ನೂ ಒರೆಸಿಬಿಡೋಣವೇ? ಇಲ್ಲ, ಇಲ್ಲಿ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಲೋಕಲ್ ಡಾಕ್ಯುಮೆಂಟೇಶನ್ ಕಸ ಅನ್ನಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮಳೆ ಹಿಡಿದು ಮರ ಬಿದ್ದು ಲೈನ್ ಹೋದಾಗ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಕೆಲಸ ಸಾಗಿಸುವವರಿಗೆ ‘ಆರ್‌ಐ’ ದೊಡ್ಡ ಆಸರೆ. ಹಾಗಾಗಿ ಜೆಮ್‌ಆರ್‌ಸಿಯಲ್ಲಿ ಎಲ್ಲಕ್ಕೂ ಬಾಗಿಲು ಹಾಕಿ, ದಿನಾ ತೆರೆದು ನೋಡುವ ನಾಲ್ಕಾರು ಜೆಮ್‌ಗೆ ಮಾತ್ರ ಬೇಕೆಂದೇ ತಯಾರಿಸಿಕೊಳ್ಳಿ: ‘ಜೆಮ್ ಆರ್‌ಡಾಕ್’, ಜೆಮ್ಮಿನ ಹೆಸರು, ಕೊನೆಗೆ ಎರಡು ಅಡ್ಡಗೆರೆಯ ‘ಆರ್‌ಐ’. ಜೆಮ್ ಈಗಾಗಲೇ ಡಿಸ್ಕಿನಲ್ಲಿ ಇರುವುದರಿಂದ ಇದಕ್ಕೆ ನೆಟ್ ಬೇಡ. ಹೊಸದಾಗಿ ಹಾಕುವಾಗಲೇ ಬೇಕಿದ್ದರೆ ಇನ್‌ಸ್ಟಾಲ್ ಜೊತೆ ಎರಡು ಅಡ್ಡಗೆರೆಯ ‘ಡಾಕ್ಯುಮೆಂಟ್ ಆರ್‌ಐ’ ಆಯ್ಕೆ ಕೊಡಿ. ಕೈಯಲ್ಲಿ ಟೈಪ್ ಮಾಡಿದ್ದು ಜೆಮ್‌ಆರ್‌ಸಿಯ ಸಾಲಿಗಿಂತ ಮೇಲು.

ರೂಬಿಯ ಸ್ವಂತ ಡಾಕ್ಯುಮೆಂಟೇಶನ್ ವಿಷಯ ಬೇರೆ. ರೂಬಿ ಕಟ್ಟುವಾಗ ಎರಡು ಅಡ್ಡಗೆರೆಯ ‘ಡಿಸೇಬಲ್-ಇನ್‌ಸ್ಟಾಲ್-ಡಾಕ್’ ಕೊಟ್ಟರೆ ಸ್ಟ್ರಿಂಗ್, ಅರೇ, ಹ್ಯಾಶ್‌ಗಳ ವಿವರವೂ ಇರುವುದಿಲ್ಲ. ಹೆಚ್ಚು ಸಲ ಹುಡುಕುವುದೇ ಇವನ್ನು. ತಂತ್ರಾಂಶವನ್ನು ಸಿದ್ಧ ಇಮೇಜ್ ಆಗಿ ಓಡಿಸುವ ಡಾಕರ್‌ನ ಅಧಿಕೃತ ರೂಬಿ ಇಮೇಜ್ ಹಾಗೆ ಮಾಡುತ್ತದೆ, ಸರ್ವರ್‌ಗೆ ಅದು ಸರಿ. ಕಲಿಯುವವರ ಕಂಪ್ಯೂಟರಿನಲ್ಲಿ ಮಾಡಬೇಡಿ.

ಬ್ರೌಸರ್‌ನಲ್ಲಿ ಡೆವ್‌ಡಾಕ್ಸ್ ಎಂಬ ಡಾಕ್ಯುಮೆಂಟೇಶನ್ ಸೈಟನ್ನು ಆಫ್‌ಲೈನ್ ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಓದಲು ಆರ್‌ಐಗಿಂತ ಹಿತ, ಹುಡುಕಾಟ ಚುರುಕು. ಆದರೆ ಜನಪ್ರಿಯ ಲೈಬ್ರರಿಗಳಷ್ಟೇ ಅಲ್ಲಿವೆ, ಮತ್ತು ಎಲ್ಲವೂ ಬ್ರೌಸರ್‌ನ ಸಂಗ್ರಹದಲ್ಲಿ ಇರುವುದರಿಂದ ಸೈಟ್ ಡೇಟಾ ಅಳಿಸಿದರೆ ಅದೂ ಹೋಗುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ ನೆಟ್ ಆಫ್ ಮಾಡಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿ.

ರಸ್ಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ‘ರಸ್ಟ್-ಡಾಕ್ಸ್’ ತಯಾರಾಗಿಯೇ ನೆಟ್‌ನಿಂದ ಇಳಿಯುತ್ತದೆ, ಹಾಗಾಗಿ ‘ರಸ್ಟಪ್ ಸೆಟ್ ಪ್ರೊಫೈಲ್ ಮಿನಿಮಲ್’ ಮಾಡಿದರೆ ಡೇಟಾ ನಿಜಕ್ಕೂ ಉಳಿಯುತ್ತದೆ. ಇದು ಆಮೇಲೆ ಹಾಕುವ ಟೂಲ್‌ಚೈನ್‌ಗಷ್ಟೇ (ಕಂಪೈಲರ್ ಮತ್ತು ಜೊತೆಯ ಸಲಕರಣೆಗಳು). ಇರುವುದನ್ನು ‘ರಸ್ಟಪ್ ಕಾಂಪೊನೆಂಟ್ ರಿಮೂವ್ ರಸ್ಟ್-ಡಾಕ್ಸ್’ ಎಂದು ತೆಗೆಯಬೇಕು. ರಸ್ಟ್‌ನ ಪ್ಯಾಕೇಜ್‌ಗಳಾದ ಕ್ರೇಟ್‌ಗಳ ಡಾಕ್ಯುಮೆಂಟೇಶನ್ ನೀವಾಗಿ ‘ಕಾರ್ಗೊ ಡಾಕ್’ ಎನ್ನುವವರೆಗೂ ಹುಟ್ಟುವುದಿಲ್ಲ. ಹುಟ್ಟಿದ್ದು ಪ್ರಾಜೆಕ್ಟಿನ ‘ಟಾರ್ಗೆಟ್’ ಒಳಗೆ ‘ಡಾಕ್’ ಫೋಲ್ಡರಿನಲ್ಲಿ ಇರುತ್ತದೆ. ‘ಕಾರ್ಗೊ ಕ್ಲೀನ್’ಗೆ ಎರಡು ಅಡ್ಡಗೆರೆಯ ‘ಡಾಕ್’ ಸೇರಿಸಿದರೆ ಅದಷ್ಟೇ ಹೋಗಿ, ಕಂಪೈಲ್ ಆದದ್ದು ಉಳಿಯುತ್ತದೆ.